ವಿಂಟೇಜ್ ಪೋರ್ಟ್ ಸಂಗ್ರಹ: ಕೆಟ್ಟ ಬಾಟಲಿಯ ಭಯಕ್ಕೆ ಎಷ್ಟು ಬೆಲೆ ಕೊಡಬೇಕು?

ಪೋರ್ಟ್ ಎಂಬ ಪೋರ್ಚುಗಲ್ಲಿನ ಸಿಹಿ ವೈನಿನಲ್ಲಿ ಒಂದೇ ಸುಗ್ಗಿಯಿಂದ ಮಾಡಿದ ವಿಂಟೇಜ್ ಪೋರ್ಟ್ ಕೊಂಡು ಇಪ್ಪತ್ತು, ಮೂವತ್ತು ವರ್ಷ ಇಟ್ಟು ಕುಡಿಯಬೇಕೆಂದು ನೀವು ಯೋಚಿಸಿದ್ದೀರಿ. ಅಷ್ಟು ವರ್ಷ ಕಾದ ಮೇಲೆ ಬಾಟಲಿ ಕೆಟ್ಟಿದ್ದರೆ ಏನು ಮಾಡುವುದು, ಆ ನಷ್ಟ ತಪ್ಪಿಸಲು ಒಂದೊಂದು ವರ್ಷದ ಒಂದೊಂದೇ ಬಾಟಲಿ ಕೊಳ್ಳುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಒಂದೊಂದೇ ಬಾಟಲಿ ಕೊಳ್ಳುವುದನ್ನೇ ಮೊದಲು ಕೈಬಿಡಿ ಎಂಬುದು ನನ್ನ ಉತ್ತರ. ಸಂಗ್ರಹ ಆರಂಭಿಸಿದಾಗ ನಾನೂ ಹಾಗೆಯೇ ಕೊಂಡಿದ್ದೆ. ಹೆಚ್ಚು ಹೆಸರುಗಳು ಕಪಾಟಿನಲ್ಲಿದ್ದರೆ ಸಂಗ್ರಹ ದೊಡ್ಡದು ಎಂದು ಆಗ ಭಾವಿಸಿದ್ದೆ. ಅದು ಯಾಕೆ ತಪ್ಪು ಎಂಬುದನ್ನು ವಿವರಿಸುವ ಮೊದಲು ಯಾವ ಪೋರ್ಟ್ ಇಡಲು ಯೋಗ್ಯ, ಯಾವುದು ಅಲ್ಲ ಎಂಬುದನ್ನು ಹೇಳಬೇಕಾಗುತ್ತದೆ.

ಪೋರ್ಚುಗಲ್ಲಿನ ಡೋರು ಕಣಿವೆಯಲ್ಲಿ ದ್ರಾಕ್ಷಿರಸ ಹುದುಗುತ್ತಿರುವಾಗಲೇ, ಅದರ ಸಿಹಿ ಪೂರ್ತಿ ಕರಗುವ ಮುನ್ನ, ಶೇಕಡಾ 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸಿ ಹುದುಗನ್ನು ನಿಲ್ಲಿಸುತ್ತಾರೆ. 550 ಲೀಟರಿನ ಒಂದು ಪೀಪಾಯಿಯಲ್ಲಿ ಸುಮಾರು 115 ಲೀಟರ್ ಈ ಮದ್ಯಸಾರವೇ ಇರುತ್ತದೆ. ಹೀಗಾಗಿ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇಕಡಾ 20ರ ಆಸುಪಾಸಿಗೆ ಏರುತ್ತದೆ. ಸಾಮಾನ್ಯ ವೈನಿಗಿಂತ ಪೋರ್ಟ್ ಗಟ್ಟಿ ಜೀವದ್ದು ಎಂಬ ಮಾತು ಹುಟ್ಟಿದ್ದು ಇದರಿಂದಲೇ, ಮತ್ತು ಆ ಮಾತು ನಿಜ. ಆದರೆ ಎಲ್ಲ ಪೋರ್ಟೂ ಬಾಟಲಿಯಲ್ಲಿ ಬೆಳೆಯುವುದಿಲ್ಲ. ಟಾನಿ ಪೋರ್ಟ್ ತನ್ನ ವಯಸ್ಸನ್ನೆಲ್ಲ ಮರದ ಪೀಪಾಯಿಯಲ್ಲೇ ಕಳೆದು, ಕುಡಿಯಲು ಸಿದ್ಧವಾಗಿಯೇ ಬಾಟಲಿಗೆ ಬರುತ್ತದೆ. ಒಂದೇ ಸುಗ್ಗಿಯ ಟಾನಿಯಾದ ಕೊಲ್ಹೇಟಾ ಕೂಡ ಕನಿಷ್ಠ ಏಳು ವರ್ಷ ಮರದಲ್ಲಿದ್ದು ಬಂದದ್ದು. ಇವುಗಳ ಲೇಬಲ್ಲಿನಲ್ಲಿ ಬಾಟಲಿ ತುಂಬಿದ ವರ್ಷ ಇರುತ್ತದೆ. ಅದನ್ನು ನೋಡಿ, ಇತ್ತೀಚೆಗೆ ತುಂಬಿದ್ದನ್ನೇ ಕೊಂಡು ಕುಡಿಯಿರಿ, ಕೂಡಿಡಬೇಡಿ. ಎಳೆಯದಾಗಿಯೇ ಕುಡಿಯುವ ಕೆಂಪು ಪೋರ್ಟಾದ ಸಾದಾ ರೂಬಿಯೂ ಅಷ್ಟೇ. ಲೇಟ್ ಬಾಟಲ್ಡ್ ವಿಂಟೇಜ್ ಎಂಬುದನ್ನು ಸುಗ್ಗಿಯಾದ ನಾಲ್ಕರಿಂದ ಆರನೆಯ ವರ್ಷದೊಳಗೆ ತುಂಬುತ್ತಾರೆ. ಅದರಲ್ಲಿ ಸೋಸದೆ, ಉದ್ದ ಕಾರ್ಕ್ ಬಿಗಿದು ತುಂಬಿದ್ದು ಮಾತ್ರ ಕೆಲವು ವರ್ಷ ಇಟ್ಟರೆ ಸುಧಾರಿಸುತ್ತದೆ.

ದಶಕಗಟ್ಟಲೆ ಇಡಲೆಂದೇ ಹುಟ್ಟಿದ್ದು ವಿಂಟೇಜ್ ಪೋರ್ಟ್. ಅದು ಪೀಪಾಯಿಯಲ್ಲಿ ಎರಡು, ಮೂರು ವರ್ಷವಿದ್ದು, ಸೋಸದೆ ಬಾಟಲಿಗೆ ಬಂದು, ಉಳಿದ ಬದುಕನ್ನೆಲ್ಲ ಗಾಜಿನೊಳಗೆ ಕಾರ್ಕಿನ ಕಾವಲಿನಲ್ಲಿ ಕಳೆಯುತ್ತದೆ. ನಿಮ್ಮ ಪ್ರಶ್ನೆಯ ಬೇರೂ ಅಲ್ಲೇ ಇದೆ: ಎಷ್ಟೇ ಗಟ್ಟಿಯಾದ ಪೋರ್ಟ್ ಆದರೂ ಅದರ ಭವಿಷ್ಯ ಎರಡು ಬೆರಳು ಉದ್ದದ ಮರದ ತೊಗಟೆಯ ತುಂಡಿನ ಮೇಲೆ ನಿಂತಿದೆ. ಪೋರ್ಟ್ ತಯಾರಿಸುವ ಮನೆತನಗಳು ಪ್ರತಿ ವರ್ಷವೂ ವಿಂಟೇಜ್ ಘೋಷಿಸುವುದಿಲ್ಲ, ಅಂದರೆ ಆ ವರ್ಷದ ಸುಗ್ಗಿ ವಿಂಟೇಜಿಗೆ ತಕ್ಕದ್ದೆಂದು ಸಾರುವುದಿಲ್ಲ. ಹೆಚ್ಚು ಮನೆತನಗಳು ಒಟ್ಟಾಗಿ ಘೋಷಿಸಿದ 1963, 1970, 1977, 1994, 2000, 2011ರಂಥ ವರ್ಷಗಳ ಹಿಂದೆ ಎಲ್ಲರೂ ಬೀಳುತ್ತಾರೆ. 2016 ಮತ್ತು 2017ರಲ್ಲಿ ಬೆನ್ನುಬೆನ್ನಿಗೆ ಘೋಷಣೆಯಾದದ್ದು ಅಪರೂಪ. ಘೋಷಣೆಯಿಲ್ಲದ ಒಳ್ಳೆಯ ವರ್ಷಗಳಲ್ಲಿ ಇದೇ ಮನೆತನಗಳು ತಮ್ಮ ಒಂದೊಂದೇ ತೋಟದ ಹೆಸರಿನಲ್ಲಿ, ಉದಾಹರಣೆಗೆ ಟೇಲರ್‌ನವರು ಕಿಂಟಾ ಡಿ ವರ್ಗೆಲಾಸ್, ಗ್ರೇಹಮ್‌ನವರು ಕಿಂಟಾ ದೋಸ್ ಮಾಲ್ವೆದೋಸ್ ಎಂದು, ವಿಂಟೇಜ್ ತರುತ್ತಾರೆ. ಹೊಸಬರು ಇವುಗಳಿಂದಲೇ ಆರಂಭಿಸಬೇಕೆಂಬುದು ನನ್ನ ಆಗ್ರಹ. ಬೆಲೆ ಕಡಿಮೆ, ಬೇಗ ಹದಕ್ಕೆ ಬರುತ್ತವೆ, ಮತ್ತು ಒಂದು ಬಾಟಲಿ ಕೆಟ್ಟರೆ ಎದೆ ಒಡೆಯುವುದಿಲ್ಲ.

ಈಗ ಕೆಡುವ ವಿಷಯಕ್ಕೆ ಬರುತ್ತೇನೆ. ಕಪಾಟಿನಲ್ಲಿ ಒಂಟಿಯಾಗಿದ್ದ 1983ರ ಬಾಟಲಿಯೊಂದನ್ನು ನಾನು ಹನ್ನೊಂದು ವರ್ಷ ಕಾಯ್ದಿಟ್ಟು, ಮನೆಯ ಒಂದು ಮುಖ್ಯ ದಿನಕ್ಕೆಂದು ತೆಗೆದೆ. ಹಿಂದಿನ ದಿನವೇ ಎಬ್ಬಿಸಿ ನಿಲ್ಲಿಸಿದ್ದೆ, ಗಷ್ಟು ತಳ ಸೇರಿತ್ತು. ಕಾರ್ಕ್ ತುಂಡಾಗದೆ ಬಂತು. ಮೇಣದ ಬತ್ತಿಯ ಬೆಳಕನ್ನು ಬಾಟಲಿಯ ಕತ್ತಿನ ಹಿಂದಿಟ್ಟುಕೊಂಡು, ತಿಳಿಯನ್ನು ಕೈ ನಡುಗಿಸದೆ ಬಗ್ಗಿಸಿದೆ. ಮಾಣಿಕ್ಯದಂಥ ಬಣ್ಣ ಇಳಿಯುತ್ತಿತ್ತು. ಲೋಟ ಮೂಗಿನ ಹತ್ತಿರ ತಂದಾಗ ಬಂದದ್ದು ಮಳೆಯಲ್ಲಿ ನೆನೆದು ಮೂಲೆಯಲ್ಲಿ ಒಣಗಿದ ರಟ್ಟಿನ ಮುಗ್ಗಲು ವಾಸನೆ. ಗಾಳಿಯಾಡಿದರೆ ಹೋದೀತೆಂದು ಎರಡು ಗಂಟೆ ಕಾದೆ. ಹೋಗಲಿಲ್ಲ, ಇನ್ನಷ್ಟು ಸ್ಪಷ್ಟವಾಯಿತು. ಹಣ್ಣಿನ ರುಚಿಯೆಲ್ಲ ಯಾರೋ ಒರೆಸಿ ತೆಗೆದಂತೆ ಬರಿದಾಗಿತ್ತು. ಇದೇ ಕಾರ್ಕಿನ ದೋಷ. ಕ್ಲೋರಿನ್ ಸೇರಿದ ವಸ್ತುಗಳ ಮೇಲೆ ಬೂಸ್ಟು ಕೆಲಸ ಮಾಡಿದಾಗ ಹುಟ್ಟುವ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ ಇದಕ್ಕೆ ಕಾರಣ. ಗ್ರಾಮಿನ ನೂರು ಕೋಟಿ ಭಾಗದಲ್ಲಿ ಒಂದನ್ನು ನ್ಯಾನೋಗ್ರಾಂ ಎನ್ನುತ್ತಾರೆ, ಒಂದು ಲೀಟರಿಗೆ ಅಂಥ ಕೆಲವೇ ನ್ಯಾನೋಗ್ರಾಂ ಇದ್ದರೂ ಚುರುಕು ಮೂಗಿಗೆ ತಿಳಿಯುತ್ತದೆ. ಹೊರಗಿನಿಂದ ಇದನ್ನು ಗುರುತಿಸುವ ದಾರಿ ಯಾವುದೂ ಇಲ್ಲ, ಕುಡಿದರೆ ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ಸಂತೋಷ ಹೋಗುತ್ತದೆ. ಅಂದು ನನ್ನ ಬಳಿ ಅದೇ ವರ್ಷದ ಇನ್ನೊಂದು ಬಾಟಲಿ ಇರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಎಷ್ಟೋ ಜನ ದೋಷವಲ್ಲದ್ದನ್ನು ದೋಷವೆಂದು ಚೆಲ್ಲುತ್ತಾರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ತಳದಲ್ಲಿ ಕೆಸರಿನಂತೆ ಕೂರುವ ಗಷ್ಟು ವಿಂಟೇಜ್ ಪೋರ್ಟಿನ ಸಹಜ ಗುಣ. ಬಾಟಲಿ ತೆರೆದ ಕೂಡಲೇ ಬರುವ ಮುಚ್ಚಿಟ್ಟ ಕೋಣೆಯಂಥ ವಾಸನೆ ಅರ್ಧ, ಒಂದು ಗಂಟೆಯಲ್ಲಿ ಕಳೆದರೆ ಅದು ಏನೂ ಅಲ್ಲ. ಹತ್ತು, ಹದಿನೈದು ವರ್ಷದ ಪೋರ್ಟ್ ಬಾಯಿಗೆ ಒಗರಾಗಿ, ಮಂಕಾಗಿ ಕಂಡರೆ ಅದು ಕೆಟ್ಟಿದ್ದಲ್ಲ, ಇನ್ನೂ ಬಲಿತಿಲ್ಲ. ಮುಗ್ಗಲು ಹೋಗದೆ ಹೆಚ್ಚಾದರೆ ಮಾತ್ರ ಅದನ್ನು ಕಾರ್ಕಿನ ತಲೆಗೆ ಕಟ್ಟಿರಿ.

ಉಳಿದ ದೋಷಗಳು ಬೇರೆ ಜಾತಿಯವು. ಕಾರ್ಕ್ ಕುಗ್ಗಿ ಗಾಳಿ ಒಳಹೊಕ್ಕರೆ ಬಣ್ಣ ಕಂದಿ, ರುಚಿ ಸಪ್ಪೆಯಾಗುತ್ತದೆ. ಟಾನಿಯಲ್ಲಿ ಬೇಕೆಂದೇ ತರುವ ಒಣಹಣ್ಣಿನ ಗುಣ ವಿಂಟೇಜಿನಲ್ಲಿ ಅಕಾಲದಲ್ಲಿ ಬಂದರೆ ಅದು ಕಾಯ್ದಿಟ್ಟ ರೀತಿಯ ದೋಷ. ಬಿಸಿಲಿಗೋ ಬೇಸಿಗೆಯ ಉಗ್ರಾಣಕ್ಕೋ ಸಿಕ್ಕಿದ್ದರೆ ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ, ಕಾರ್ಕ್ ಸ್ವಲ್ಪ ಮೇಲೆ ಉಬ್ಬಿರುತ್ತದೆ. ಉಗುರುಬಣ್ಣ ಅಳಿಸುವ ದ್ರಾವಣದ ಘಾಟು ಅತಿಯಾದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದೆ ಎಂದು ಅರ್ಥ; ಅದು ಅಲ್ಪವಾಗಿದ್ದರೆ ಕೆಲವರಿಗೆ ಹಿತವೇ ಅನಿಸುತ್ತದೆ. ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮುಖ್ಯ ವ್ಯತ್ಯಾಸ ಇಷ್ಟೆ: ಕಾರ್ಕಿನ ಮುಗ್ಗಲು ಬಾಟಲಿ ಬಾಟಲಿಗೆ ಬೇರೆ, ಬಿಸಿ ಮತ್ತು ಕೆಟ್ಟ ಸಂಗ್ರಹ ಪೆಟ್ಟಿಗೆಗೇ ಬಡಿಯುವ ರೋಗ. ಎರಡಕ್ಕೂ ಬೇರೆ ಬೇರೆ ಔಷಧ ಬೇಕು.

ಮೊದಲನೆಯದರ ಲೆಕ್ಕ ನೋಡಿ. ಲೆಕ್ಕಕ್ಕಾಗಿ ಇಪ್ಪತ್ತು ಬಾಟಲಿಗೆ ಒಂದು ಕಾರ್ಕ್ ದೋಷದ್ದು ಎಂದಿಟ್ಟುಕೊಳ್ಳೋಣ. ಒಂಟಿ ಬಾಟಲಿಯಿದ್ದರೆ ಆ ವರ್ಷದ ನಿಮ್ಮ ಇಡೀ ಸಂಗ್ರಹ ಕೈಬಿಡುವ ಸಂಭವ ಇಪ್ಪತ್ತಕ್ಕೆ ಒಂದು. ಎರಡಿದ್ದರೆ ಎರಡೂ ಕೆಡುವ ಸಂಭವ ನಾನೂರಕ್ಕೆ ಒಂದು, ಮೂರಿದ್ದರೆ ಎಂಟು ಸಾವಿರಕ್ಕೆ ಒಂದು. ಹನ್ನೆರಡು ಬಾಟಲಿಯ ಪೆಟ್ಟಿಗೆ ಕೊಂಡರೆ ಅದರಲ್ಲಿ ಒಂದಾದರೂ ಕೆಟ್ಟಿರುವ ಸಂಭವ ನೂರಕ್ಕೆ 46, ಆದರೆ ಅದರಿಂದ ನಿಮಗಾಗುವ ನಷ್ಟ ಹೆಚ್ಚಿನ ಸಲ ಒಂದು ಬಾಟಲಿಯಷ್ಟೇ, ವರ್ಷದ ರುಚಿ ತಪ್ಪುವುದಿಲ್ಲ. ಆದ್ದರಿಂದ ಹನ್ನೆರಡು ಹೆಸರಿನ ಒಂದೊಂದರ ಬದಲು ನಾಲ್ಕು ಹೆಸರಿನ ಮೂರು ಮೂರು ಕೊಳ್ಳಿ. ಬಾಟಲಿಯಿಂದ ಬಾಟಲಿಗೆ ಅದು ಹೇಗೆ ಬೆಳೆಯುತ್ತಿದೆ ಎಂಬುದನ್ನು ತಿಳಿಯುವ ಲಾಭವೂ ಇದರಲ್ಲಿದೆ: ಒಂದನ್ನು ಹದಿನೈದನೆಯ ವರ್ಷದಲ್ಲಿ, ಇನ್ನೊಂದನ್ನು ಇಪ್ಪತ್ತೈದರಲ್ಲಿ ತೆರೆದು ನೋಡಬಹುದು. ಆದರೆ ಈ ಲೆಕ್ಕ ಬಾಟಲಿಗಳು ಪರಸ್ಪರ ಸಂಬಂಧವಿಲ್ಲದೆ ಕೆಡುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ಪೆಟ್ಟಿಗೆಯೇ ಬಿಸಿಯಲ್ಲಿ ಬೆಂದಿದ್ದರೆ ಮೂರೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಹಳೆಯದನ್ನು ಕೊಳ್ಳುವಾಗ ಎಲ್ಲವನ್ನೂ ಒಬ್ಬರ ಬಳಿಯೇ ಕೊಳ್ಳದೆ, ಆರು ಬೇಕಿದ್ದರೆ ಎರಡು ಮೂಲಗಳಿಂದ ಮೂರು ಮೂರು ತರುತ್ತೇನೆ.

ಇದನ್ನು ನಾನು ಕಲಿತದ್ದು ಹರಾಜಿನಲ್ಲಿ. ಆರು ಬಾಟಲಿಗಳ ಒಂದು ಗುಂಪನ್ನು ಚಿತ್ರ ನೋಡಿ ಕೊಂಡಿದ್ದೆ. ಮನೆಗೆ ಬಂದ ಮೇಲೆ ಬೆರಳಿಗೆ ಮೊದಲು ತಗುಲಿದ್ದು ಎರಡು ಬಾಟಲಿಗಳ ಮುಚ್ಚಳದ ಅಂಚಿನ ಅಂಟು, ಆಮೇಲೆ ಲೇಬಲ್ಲಿನ ಮೇಲೆ ಇಳಿದು ಒಣಗಿದ ಕಂದು ಗೆರೆ. ಹರಾಜಿನವರ ವಿವರದಲ್ಲಿ ಸೋರಿಕೆಯ ಮಾತೇ ಇರಲಿಲ್ಲ. ದೂರು ಕೊಟ್ಟರೆ, ಇದ್ದ ಹಾಗೆಯೇ ಮಾರಿದ್ದು ಎಂಬ ನಿಯಮವನ್ನು ತೋರಿಸಿದರು. ಆಮೇಲೆ ನಾನು ಬಾಟಲಿಯೊಳಗಿನ ದ್ರವದ ಮಟ್ಟದ ಚಿತ್ರವನ್ನು, ಅದರ ಹಿಂದೆ ಬೆಳಕಿಟ್ಟು ತೆಗೆದದ್ದನ್ನು, ಕೇಳಿಯೇ ಬೆಲೆ ಕೂಗುತ್ತೇನೆ. ಇಪ್ಪತ್ತು ವರ್ಷದೊಳಗಿನದಾದರೆ ದ್ರವ ಕತ್ತಿನೊಳಗೇ ಇರಬೇಕು. ನಲವತ್ತು ದಾಟಿದ್ದರೆ ಕತ್ತಿನ ಬುಡ ಅಥವಾ ಹೆಗಲಿನ ಮೇಲ್ಭಾಗ ಸರಿ. ಹೆಗಲಿನ ನಡುವಿಗೆ ಇಳಿದಿದ್ದರೆ ಬೆಲೆ ಎಷ್ಟೇ ಕಡಿಮೆಯಾದರೂ ನಾನು ಕೈಹಾಕುವುದಿಲ್ಲ. ಬಾಟಲಿ ಎಲ್ಲಿ, ಯಾರ ಬಳಿ ಇತ್ತು ಎಂಬ ಪ್ರಶ್ನೆಗೆ ತಡವರಿಸುವವರಿಂದ ದೂರವಿರಿ. ಎಷ್ಟೋ ಬಾರಿ ಹದಕ್ಕೆ ಬಂದ ಹಳೆಯ ವಿಂಟೇಜಿಗೂ ಹೊಸದಾಗಿ ಬಿಡುಗಡೆಯಾದದ್ದಕ್ಕೂ ಬೆಲೆಯ ಅಂತರ ನೀವು ನಿರೀಕ್ಷಿಸಿದಷ್ಟು ಇರುವುದಿಲ್ಲ, ಆದ್ದರಿಂದ ನಂಬಿಕಸ್ಥ ವ್ಯಾಪಾರಿಯಿಂದ ಹಳೆಯದನ್ನೇ ಕೊಳ್ಳುವುದೂ ಒಳ್ಳೆಯ ದಾರಿ.

ಮುದ್ರೆಯ ವಿಷಯ ಸಂಕ್ಷೇಪವಾಗಿ. ಪೋರ್ಚುಗಲ್ಲಿನ ಡೋರು ಮತ್ತು ಪೋರ್ಟ್ ವೈನ್ ಸಂಸ್ಥೆ ನೀಡುವ ಸಂಖ್ಯೆಯುಳ್ಳ ಖಾತರಿ ಚೀಟಿ ಬಾಟಲಿಯ ಮೇಲಿರುತ್ತದೆ. 1975ರ ವಿಂಟೇಜಿನಿಂದ ಈಚೆಗೆ ಎಲ್ಲವನ್ನೂ ಪೋರ್ಚುಗಲ್ಲಿನಲ್ಲೇ ತುಂಬಬೇಕಾಯಿತು. ಅದಕ್ಕಿಂತ ಹಿಂದೆ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಹೋಗಿ ಅಲ್ಲಿನ ವ್ಯಾಪಾರಿಗಳು ಬಾಟಲಿಗೆ ತುಂಬಿದವೂ ಸಾಕಷ್ಟು ಸಿಗುತ್ತವೆ. ಒಂದೇ ಮನೆತನದ 1963 ಬೇರೆ ಬೇರೆ ವ್ಯಾಪಾರಿಗಳ ಕೈಯಲ್ಲಿ ಬೇರೆ ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ. ಅಂಥ ಬಾಟಲಿಯಲ್ಲಿ ಚೀಟಿ ಇಲ್ಲದಿರುವುದು ನಕಲಿಯ ಗುರುತಲ್ಲ, ಆದರೆ ಕಾರ್ಕಿನ ಮೇಲೆ ಮನೆತನದ ಹೆಸರು, ವರ್ಷ ಅಚ್ಚಾಗಿದೆಯೇ ಎಂದು ಗಮನಿಸಿ. ನಕಲಿ ಮಾಡುವವರಿಗೆ ಆಸೆ ಹುಟ್ಟುವುದು ಕಸಿಮಾಡದ ಬಳ್ಳಿಗಳಿಂದ ಬರುವ ಕಿಂಟಾ ದೊ ನೋವಾಲ್ ನಾಸಿಯೋನಾಲ್‌ನಂಥ ದುಬಾರಿ ಹೆಸರುಗಳಲ್ಲಿ. ಅಂಥದ್ದು ಒಂದು ಸಂಗ್ರಹದ ಆರಂಭಕ್ಕೆ ಬೇಕಾಗಿಲ್ಲ.

ಇಡುವ ವಿಧಾನ ಸರಳ. ಹನ್ನೆರಡರಿಂದ ಹದಿನಾಲ್ಕು ಡಿಗ್ರಿ ಸೆಲ್ಸಿಯಸ್, ಏರಿಳಿತವಿಲ್ಲದ ತಾಪ, ಕತ್ತಲು, ಕಾರ್ಕ್ ಒಣಗದಷ್ಟು ತೇವ, ಬಾಟಲಿ ಮಲಗಿಸಿ. ಕೆಲವು ಹಳೆಯ ಬಾಟಲಿಗಳ ಮೇಲೆ ಬಿಳಿ ಬಣ್ಣದ ಗುರುತಿರುತ್ತದೆ. ಅದು ಸದಾ ಮೇಲಿರುವಂತೆ ಮಲಗಿಸಿದರೆ ಗಷ್ಟು ಒಂದೇ ಬದಿಯಲ್ಲಿ ಗಟ್ಟಿಯಾಗಿ ಹತ್ತಿಕೊಳ್ಳುತ್ತದೆ. ತಾಪದ ಏರಿಳಿತವೇ ಕಾರ್ಕಿನ ದೊಡ್ಡ ಶತ್ರು, ತುಸು ಬೆಚ್ಚಗಿದ್ದು ಸ್ಥಿರವಾಗಿರುವ ಕೋಣೆ ಏರಿಳಿತದ ತಣ್ಣನೆಯ ಕೋಣೆಗಿಂತ ಮೇಲು ಎಂದೇ ನಾನು ನಂಬಿದ್ದೇನೆ. ಯಾವಾಗ, ಯಾರಿಂದ, ಯಾವ ಮಟ್ಟದಲ್ಲಿ ಕೊಂಡಿರಿ ಎಂಬುದನ್ನು ಬರೆದಿಡಿ. ವರ್ಷಕ್ಕೊಮ್ಮೆ ಬ್ಯಾಟರಿಯ ಬೆಳಕಿನಲ್ಲಿ ಮಟ್ಟ ನೋಡಿ, ಇಳಿಯುತ್ತಿರುವುದನ್ನು ಮೊದಲು ಕುಡಿದು ಮುಗಿಸಿ.

ಹಳೆಯ ಕಾರ್ಕ್ ಪುಡಿಯಾಗುವುದಕ್ಕೆ ಸಿದ್ಧರಾಗಿರಿ. ಪೋರ್ಟ್ ಬಾಟಲಿಯ ಕತ್ತು ನಡುವೆ ಸ್ವಲ್ಪ ಉಬ್ಬಿರುವುದರಿಂದ ಕಾರ್ಕ್ ಅಲ್ಲಿ ಅಗಲವಾಗಿ ಕೂತು, ಎಳೆಯುವಾಗ ಮುರಿಯುತ್ತದೆ. ಎರಡು ತೆಳು ಕಬ್ಬಿಣದ ಪಟ್ಟಿಗಳ ಎಳೆಯುವ ಸಾಧನವೊಂದನ್ನು ಕೊಂಡಿಟ್ಟುಕೊಳ್ಳಿ. ಪುಡಿ ಬಿದ್ದರೆ ಸಣ್ಣ ಜಾಲರಿಯಲ್ಲಿ ಸೋಸಿ, ಅದರಿಂದ ರುಚಿಗೆ ಏನೂ ಆಗುವುದಿಲ್ಲ.

ಬಾಟಲಿ ನಿಜವಾಗಿಯೂ ಕಾರ್ಕ್ ದೋಷದ್ದು ಎಂದು ಖಚಿತವಾದರೆ ಚೆಲ್ಲಬೇಡಿ. ದ್ರವವನ್ನು ಬಾಟಲಿಗೇ ಮರಳಿ ತುಂಬಿ, ಅದೇ ಕಾರ್ಕ್ ಹಾಕಿ, ಖರೀದಿಯ ಚೀಟಿಯೊಂದಿಗೆ ವ್ಯಾಪಾರಿಗೆ ತೋರಿಸಿ. ಹೊಸ ವಿಂಟೇಜ್ ಮಾರುವ ಒಳ್ಳೆಯ ವ್ಯಾಪಾರಿಗಳು ಬಾಟಲಿ ಬದಲಿಸಿಕೊಟ್ಟದ್ದನ್ನು ನಾನು ಕಂಡಿದ್ದೇನೆ. ಹರಾಜಿನಿಂದ ಬಂದ ನಲವತ್ತು ವರ್ಷದ ಬಾಟಲಿಗೆ ಆ ಆಸೆ ಬೇಡ. ಅದಕ್ಕೆ ನಿಮ್ಮ ಕಪಾಟಿನ ಎರಡನೆಯ ಬಾಟಲಿಯೇ ಉತ್ತರ. ಮುಂದಿನ ಸಲ ಅಂಥ ದಿನ ಬಂದಾಗ ಎರಡನ್ನೂ ಹಿಂದಿನ ದಿನವೇ ನಿಲ್ಲಿಸಿಡಿ, ಮೊದಲನೆಯದನ್ನು ಊಟಕ್ಕೆ ನಾಲ್ಕು ಗಂಟೆ ಮುಂಚೆ ತೆರೆದು ಮೂಸಿ ನೋಡಿ. ಅದು ಚೆನ್ನಾಗಿದ್ದರೆ ಎರಡನೆಯದನ್ನು ಹಾಗೆಯೇ ಮತ್ತೆ ಮಲಗಿಸಿ.