ಜೀಬ್ರಾದ ಪಟ್ಟೆಯೂ ನಮ್ಮ ಕೊಟ್ಟಿಗೆಯ ನೊಣವೂ

ನೀವು ಕೇಳಿದ್ದು ಇದು: "ಜೀಬ್ರಾಗೆ ಪಟ್ಟೆ ಇರುವುದು ಸಿಂಹದ ಕಣ್ಣಿಗೆ ಬೀಳದಿರಲಿ ಅಂತ ಮಗಳ ಪುಸ್ತಕದಲ್ಲಿದೆ. ಆದರೆ ಬಯಲಲ್ಲಿ ಆ ಕಪ್ಪು ಬಿಳುಪು ಇನ್ನೂ ಎದ್ದು ಕಾಣುತ್ತದಲ್ವಾ? ಅವಳಿಗೆ ಏನು ಹೇಳಲಿ?"

ನಿಮ್ಮ ಅನುಮಾನ ಹಳೆಯದು, ಒಳ್ಳೆಯವರ ಸಾಲಿನಲ್ಲೇ ಇದ್ದೀರಿ. 1871ರಲ್ಲಿ ಡಾರ್ವಿನ್ ಕೂಡ ಇದೇ ತಕರಾರು ತೆಗೆದಿದ್ದ. ಮರಗಿಡ ಇಲ್ಲದ ದಕ್ಷಿಣ ಆಫ್ರಿಕಾದ ಬಯಲಲ್ಲಿ ಈ ಪಟ್ಟೆ ಯಾವ ಮರೆ ಕೊಟ್ಟೀತು ಎಂಬುದು ಅವನ ಮಾತು. ಇಲ್ಲ, ಮುಸ್ಸಂಜೆಯ ಮಬ್ಬಿನಲ್ಲಿ ಪಟ್ಟೆ ಕರಗಿಹೋಗುತ್ತದೆ ಎಂದು ವಾದಿಸಿದವನು ಅದೇ ಕಾಲದ ಇನ್ನೊಬ್ಬ ವಿಜ್ಞಾನಿ ವ್ಯಾಲೆಸ್. ಜಗಳ ಅಲ್ಲಿಂದ ನೂರೈವತ್ತು ವರ್ಷ ಎಳೆದುಕೊಂಡು ಬಂತು.

ಇದರಲ್ಲಿ ಒಂದು ಭಾಗ 2016ರಲ್ಲಿ ತೀರ್ಮಾನವಾಯಿತು ಅಂತಲೇ ನನ್ನ ಲೆಕ್ಕ. ಟಾಂಜಾನಿಯಾದಲ್ಲಿ ತೆಗೆದ ಜೀಬ್ರಾ ಫೋಟೋಗಳನ್ನು ಸಿಂಹ ಮತ್ತು ಕತ್ತೆಕಿರುಬದ ಕಣ್ಣಿಗೆ ಹೇಗೆ ಕಂಡಾವೋ ಹಾಗೆ ಕಂಪ್ಯೂಟರಿನಲ್ಲಿ ಬದಲಾಯಿಸಿ ನೋಡಿದರು. ಹಗಲಲ್ಲಿ 50 ಮೀಟರ್ ಆಚೆ, ಮುಸ್ಸಂಜೆಯಲ್ಲಿ 30 ಮೀಟರ್ ಆಚೆ ಇದ್ದರೆ ಅವುಗಳಿಗೆ ಪಟ್ಟೆಯೇ ಸರಿಯಾಗಿ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಕಾಣುತ್ತದೆ, ಅವಕ್ಕಿಲ್ಲ. ಅಷ್ಟು ಹತ್ತಿರ ಬರುವ ಹೊತ್ತಿಗೆ ಸಿಂಹಕ್ಕೆ ವಾಸನೆಯೋ ಸದ್ದೋ ಆಗಲೇ ಸಿಕ್ಕಿರುತ್ತದೆ. ಕಾಣದ ಪಟ್ಟೆ ಮರೆ ಕೊಡುವುದೆಲ್ಲಿ ಬಂತು?

ಬಂಡೀಪುರದ ಹುಲಿಯನ್ನು ನೋಡಿದವರು ಇಲ್ಲಿ ಅಡ್ಡಬಾಯಿ ಹಾಕಬಹುದು. ಹುಲಿಯ ಕಥೆ ಬೇರೆ. ಜಿಂಕೆಗೆ ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಕೇಸರಿ ಮೈ ಪೊದೆಯ ಜೊತೆ ಸೇರಿಹೋಗುತ್ತದೆ. ಹುಲಿ ಅಡಗಿ ಕೂರುವ ಪ್ರಾಣಿ ಬೇರೆ. ಜೀಬ್ರಾ ಅಡಗುವುದೇ ಇಲ್ಲ, ಬಯಲಲ್ಲಿ ನಿಂತು ಮೇಯುತ್ತದೆ, ಅಪಾಯ ಕಂಡರೆ ಓಡುತ್ತದೆ. ಹಿಂಡು ಓಡುವಾಗ ಸಿಂಹಕ್ಕೆ ಕಣ್ಣು ಕಟ್ಟಿದಂತಾಗುತ್ತದೆ ಅನ್ನುವ ಇನ್ನೊಂದು ವಾದವಿದೆ. ಕೇಳಲು ಚೆಂದ, ಆದರೆ ಸಿಂಹಗಳು ಜೀಬ್ರಾವನ್ನು ಧಾರಾಳವಾಗಿ ಹಿಡಿದು ತಿನ್ನುತ್ತಲೇ ಇವೆ.

ಈಗ ನನ್ನ ಪಕ್ಷ ಹೇಳುತ್ತೇನೆ. ನಾನು ತೀರ್ಥಹಳ್ಳಿ ಕಡೆಯವನು, ದನದ ಕೊಟ್ಟಿಗೆ ಇರುವ ಮನೆಯಲ್ಲಿ ಬೆಳೆದವನು. ಮಳೆ ಬಿಟ್ಟ ದಿನ ಗೌರಿ ಅನ್ನುವ ನಮ್ಮ ಹಸುವಿನ ಹತ್ತಿರ ನಿಂತರೆ ಅದರ ಭುಜದ ಚರ್ಮ ತಾನಾಗಿ ಜುಂ ಅಂತ ಅದುರುತ್ತಿತ್ತು. ಬಾಲ ಬೀಸಿದರೂ ಮುಟ್ಟದ ಜಾಗ ನೋಡಿಯೇ ಬೂದು ಬಣ್ಣದ ದಪ್ಪ ನೊಣ ಕೂರುತ್ತಿತ್ತು. ಅದು ಮನೆಯ ನೊಣ ಅಲ್ಲ, ಅದರ ಎರಡರಷ್ಟಿರುತ್ತದೆ, ಕಣ್ಣು ಹಸಿರಾಗಿ ಮಿನುಗುತ್ತದೆ. ಹೊಡೆದರೆ ಅಂಗೈಯಲ್ಲಿ ರಕ್ತ. ಎದ್ದು ಹೋದ ಜಾಗದಲ್ಲಿ ಒಂದು ಕೆಂಪು ಹನಿ ನಿಂತಿರುತ್ತಿತ್ತು, ಅದನ್ನು ಮುತ್ತಲು ಬೇರೆ ಸಣ್ಣ ನೊಣಗಳು ಬರುತ್ತಿದ್ದವು. ಅಜ್ಜಿ ಸಂಜೆಗೆ ಒದ್ದೆ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದಳು. "ಹಾಲು ಕರೆಯೋಕೆ ಬಿಡ್ತದಾ ಈ ದರಿದ್ರ ನೊಣ" ಅಂತ ಬೈಗುಳ ಬೇರೆ.

ಇದೇ ಜಾತಿಯ ನೊಣವನ್ನು ಪುಸ್ತಕಗಳಲ್ಲಿ ಕುದುರೆನೊಣ ಅನ್ನುತ್ತಾರೆ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಇಡಲು ಅದಕ್ಕೆ ರಕ್ತ ಬೇಕು. ಸೊಳ್ಳೆಯ ಹಾಗೆ ನಯವಾಗಿ ಸೂಜಿ ಚುಚ್ಚುವುದಿಲ್ಲ, ಚರ್ಮವನ್ನು ಕತ್ತರಿಸಿ ಒಸರಿದ ರಕ್ತವನ್ನು ಹೀರುತ್ತದೆ. ರಕ್ತ ಹೋದರೆ ಹೋಗಲಿ, ಜೊತೆಗೆ ರೋಗವೂ ಬರುತ್ತದೆ. ನಮ್ಮ ಕಡೆ ಎಮ್ಮೆ, ಕುದುರೆಗಳಿಗೆ ಬರುವ ಸರ್ರಾ ರೋಗ ಹರಡುವುದು ಹೀಗೆಯೇ. ಆಫ್ರಿಕಾದಲ್ಲಿ ಇದರ ಮೇಲೆ ರಕ್ತ ಹೀರಿ ರೋಗ ಹರಡುವ ತ್ಸೆತ್ಸೆ ನೊಣವೂ ಇದೆ. ಆ ನೊಣದ ಸೀಮೆಗೆ ಹೊರಗಿನಿಂದ ತಂದ ಕುದುರೆಗಳು ಬದುಕಿ ಉಳಿಯುವುದೇ ಕಷ್ಟವಾಗಿತ್ತು. ಜೀಬ್ರಾದ ಕೂದಲು ಬೇರೆ ತುಂಬಾ ಗಿಡ್ಡ, ನೊಣದ ಬಾಯಿ ಸಲೀಸಾಗಿ ಚರ್ಮ ಮುಟ್ಟುತ್ತದೆ.

ಹಾಗಾದರೆ ಪಟ್ಟೆ ನೊಣವನ್ನು ತಡೆಯುತ್ತದಾ? ಟಿಮ್ ಕ್ಯಾರೋ ಎಂಬ ವಿಜ್ಞಾನಿ ಮತ್ತು ಜೊತೆಗಾರರು 2014ರಲ್ಲಿ ಕುದುರೆ, ಕತ್ತೆ, ಜೀಬ್ರಾ ಜಾತಿಗಳೆಲ್ಲ ಎಲ್ಲೆಲ್ಲಿವೆ ಎಂಬ ನಕ್ಷೆ ಇಟ್ಟುಕೊಂಡರು. ಸಿಂಹ ಎಲ್ಲಿದೆ, ಕಾಡು ಎಲ್ಲಿದೆ, ಬಿಸಿಲು ಎಲ್ಲಿ ಜಾಸ್ತಿ, ನೊಣ ಎಲ್ಲಿ ಜಾಸ್ತಿ ಎಂದು ಒಂದೊಂದನ್ನೇ ಅದರ ಮೇಲಿಟ್ಟು ನೋಡಿದರು. ಪಟ್ಟೆಗೆ ತಾಳೆಯಾದದ್ದು ನೊಣ.

ನಕ್ಷೆ ತಾಳೆಯಾದರೆ ಸಾಲದು ಅಂತ ಯಾರಾದರೂ ಅನ್ನಬಹುದು, ನ್ಯಾಯವೇ. ಅದಕ್ಕೆ 2019ರಲ್ಲಿ ಅವರೇ ಇಂಗ್ಲೆಂಡಿನ ಸಾಮರ್ಸೆಟ್‌ನ ಒಂದು ಲಾಯಕ್ಕೆ ಹೋದರು. ಅಲ್ಲಿ ಕುದುರೆಯೂ ಇತ್ತು, ಜೀಬ್ರಾವೂ ಇತ್ತು. ಮೈಗೆ ಸುತ್ತಲೂ ನೊಣಗಳು ಎರಡಕ್ಕೂ ಒಂದೇ ಸಮ ಬರುತ್ತಿದ್ದವು. ಆದರೆ ಜೀಬ್ರಾ ಮೇಲೆ ಕೂತದ್ದು ಕುದುರೆಯ ಕಾಲು ಭಾಗದಷ್ಟು ಮಾತ್ರ. ಆಮೇಲೆ ಕುದುರೆಗಳಿಗೇ ಕೋಟು ಹೊದಿಸಿದರು. ಕರಿಯದು, ಬಿಳಿಯದು, ಪಟ್ಟೆಯದು. ಪಟ್ಟೆ ಕೋಟಿನ ಮೇಲೆ ನೊಣ ಕೂತದ್ದು ತೀರಾ ಕಡಿಮೆ. ಅದೇ ಕುದುರೆಯ ಬರಿದಾದ ತಲೆಯ ಮೇಲೆ ಮಾತ್ರ ಯಾವ ಕೋಟಿದ್ದರೂ ನೊಣ ಒಂದೇ ರೀತಿ ಕೂರುತ್ತಿತ್ತು. ನನಗೆ ಅತಿ ಇಷ್ಟವಾದದ್ದು ಈ ತಲೆಯ ಲೆಕ್ಕ. ವಾಸನೆಯೂ ಅದೇ, ಬೆವರೂ ಅದೇ, ಬದಲಾಗಿದ್ದು ಬಟ್ಟೆ ಒಂದೇ.

ವಿಡಿಯೋ ನಿಧಾನಕ್ಕೆ ಓಡಿಸಿದರೆ ಇನ್ನೂ ಮಜಾ. ಸಾಮಾನ್ಯವಾಗಿ ನೊಣ ಇಳಿಯುವ ಮೊದಲು ವೇಗ ಕಡಿಮೆ ಮಾಡುತ್ತದೆ. ಪಟ್ಟೆಯ ಹತ್ತಿರ ಬಂದಾಗ ಕಡಿಮೆ ಮಾಡುವುದನ್ನೇ ಮರೆತ ಹಾಗೆ ನುಗ್ಗುತ್ತದೆ. ಹಾದು ಹೋಗುತ್ತದೆ, ಇಲ್ಲವೇ ಸೀದಾ ಢಿಕ್ಕಿ ಹೊಡೆದು ಹಾರಿಹೋಗುತ್ತದೆ. ಅಂದರೆ ದೂರದಿಂದ ನೊಣಕ್ಕೆ ಇದೊಂದು ಪ್ರಾಣಿ ಅಂತ ಗೊತ್ತಾಗುತ್ತದೆ, ಎಡವಟ್ಟಾಗುವುದು ಕೊನೆಯ ಗಳಿಗೆಯಲ್ಲಿ.

ಪಟ್ಟೆಗಳು ನೊಣದ ಕಣ್ಣಲ್ಲಿ ಓಡುವ ಹಾಗೆ ಭ್ರಮೆ ಹುಟ್ಟಿಸುತ್ತವೆ ಎಂದು ಮೊದಲು ಅಂದುಕೊಂಡಿದ್ದರು. 2020ರಲ್ಲಿ ಚೌಕಳಿ ಬಟ್ಟೆ ಹೊದಿಸಿ ನೋಡಿದರೆ ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಚೌಕಳಿಯಲ್ಲಿ ಆ ಭ್ರಮೆ ಹುಟ್ಟುವ ಹಾಗಿಲ್ಲ. ಈಗ ಅವರು ಹೇಳುವುದು ಇದು: ಕಪ್ಪು ಬಿಳುಪು ಗಾಢವಾಗಿ ಅಕ್ಕಪಕ್ಕ ಇದ್ದು, ಕಪ್ಪಿನ ತುಂಡುಗಳು ಸಣ್ಣವಾಗಿದ್ದರೆ ಇಳಿಯಲು ಒಂದು ದೊಡ್ಡ ಕರಿ ಗುರಿ ನೊಣಕ್ಕೆ ಸಿಗುವುದಿಲ್ಲ.

ಜಪಾನಿನವರು ಹಸುವಿಗೇ ಬಣ್ಣ ಬಳಿದುಬಿಟ್ಟರು. ಅದೂ 2019ರಲ್ಲೇ. ಕರಿ ಹಸುಗಳಿಗೆ ಬಿಳಿ ಪಟ್ಟೆ ಹೊಡೆದಾಗ ಕೂರುವ ನೊಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬರೀ ಕರಿ ಬಣ್ಣದ ಪಟ್ಟೆ ಬಳಿದರೆ ಏನೂ ಉಪಯೋಗವಿಲ್ಲ, ಅಂದರೆ ಬಣ್ಣದ ವಾಸನೆಗೆ ಹೆದರಿದ್ದಲ್ಲ. ಈ ಕೆಲಸಕ್ಕೆ 2025ರಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆ ಪ್ರಶಸ್ತಿಯೂ ಬಂತು. ನಾನು ಹುಮ್ಮಸ್ಸಿನಿಂದ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ನೀನು ಊರಿಗೆ ಬಂದು ಮೊದಲು ಸಗಣಿ ಎತ್ತು, ಬಣ್ಣ ಆಮೇಲೆ ಬಳಿ" ಅಂದರು.

ಪಟ್ಟೆ ಬಿಸಿಲಲ್ಲಿ ಮೈಯನ್ನು ತಂಪಾಗಿಡುತ್ತದೆ ಅನ್ನುವ ಇನ್ನೊಂದು ವಾದವೂ ಇದೆ. ಈ ಬಿಸಿಲಿನ ವಾದವನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಬಿಸಿ ಜಾಸ್ತಿ ಇರುವ ಕಡೆ ಬಯಲು ಜೀಬ್ರಾಗಳಿಗೆ ಪಟ್ಟೆ ಗಾಢ ಎಂದು 2015ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ ಬೆಚ್ಚಗಿನ ಜಾಗದಲ್ಲಿ ನೊಣವೂ ಜಾಸ್ತಿ ಅಲ್ವಾ? ಹಂಗೇರಿಯಲ್ಲಿ ನೀರು ತುಂಬಿದ ಪೀಪಾಯಿಗಳಿಗೆ ಜೀಬ್ರಾ ಚರ್ಮ, ದನದ ಚರ್ಮ ಹೊದಿಸಿ ಬಿಸಿಲಿಗಿಟ್ಟು ನೋಡಿದರು. ಪಟ್ಟೆಯಿಂದ ನೀರು ತಣ್ಣಗಾಗಲಿಲ್ಲ. ದಕ್ಷಿಣ ಆಫ್ರಿಕಾದ ತಂಪು ಕಡೆ ಕ್ವಾಗ್ಗಾ ಎಂಬ ಜೀಬ್ರಾ ಇತ್ತು, ಅದಕ್ಕೆ ಪಟ್ಟೆ ಕುತ್ತಿಗೆ ಮತ್ತು ಮುಂಭಾಗಕ್ಕೆ ಮಾತ್ರ, ಹಿಂಭಾಗ ಬರೀ ಕಂದು. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತುಹೋಯಿತು. ಅದು ಬಿಸಿಲಿನವರ ಪರ ಸಾಕ್ಷಿಯೋ ನೊಣದವರ ಪರವೋ, ಇಬ್ಬರೂ ತಮ್ಮ ಕಡೆಗೇ ಎಳೆಯುತ್ತಾರೆ.

ನಿಮ್ಮ ಮಗಳು ಇಷ್ಟಕ್ಕೆ ಬಿಡುವುದಿಲ್ಲ, ಮುಂದಿನ ಪ್ರಶ್ನೆ "ಬಿಳಿಯ ಮೇಲೆ ಕಪ್ಪಾ, ಕಪ್ಪಿನ ಮೇಲೆ ಬಿಳಿಯಾ?" ಕಪ್ಪಿನ ಮೇಲೆ ಬಿಳಿ ಅನ್ನಿ. ಬಣ್ಣ ಹುಟ್ಟುವುದು ನಿಂತ ಕಡೆ ಬಿಳಿ ಕೂದಲು ಬರುತ್ತದೆ, ಅದರಡಿ ಚರ್ಮ ಕಪ್ಪೇ. ನಂಬದಿದ್ದರೆ ಮೈಸೂರು ಝೂಗೆ ಕರೆದುಕೊಂಡು ಹೋಗಿ. ಜೀಬ್ರಾದ ಮೂತಿಯಲ್ಲಿ ಪಟ್ಟೆ ಮುಗಿದು ಕೂದಲು ತೀರಾ ತೆಳುವಾಗುವ ಜಾಗ ತೋರಿಸಿ. ಹಾಗೇ ಅದರ ಬಾಲವನ್ನೂ ಸ್ವಲ್ಪ ಹೊತ್ತು ನೋಡಿ. ಪಟ್ಟೆ ಇದ್ದೂ ಅದು ಬೀಸುವುದನ್ನು ನಿಲ್ಲಿಸುವುದಿಲ್ಲ.