ಸಂಪಾದಕರ ಉತ್ತರ: ಕದ್ರಿಯನ್ನು ವಿಹಾರ ಅಂದರೆ ಮಂಜುನಾಥ ಮುನಿಯುವುದಿಲ್ಲ

ಗಂಗಾವತಿಯ ನಿವೃತ್ತ ಶಿಕ್ಷಕರೊಬ್ಬರ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲಿದೆ. ಎರಡು ಹಾಳೆ, ನೀಲಿ ಶಾಯಿ, ಒಂದೂ ಚಿತ್ತಿಲ್ಲದ ದುಂಡು ಅಕ್ಷರ. ಅದರ ತಿರುಳು ಇಷ್ಟು:

"ಮೊಮ್ಮಗನ ಕೂಡ ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನ ಕದ್ರಿ ಮಂಜುನಾಥನ ಗುಡಿಗೂ ಹೋಗಿದ್ದೆವು. ಅಲ್ಲಿ ಮೂರು ಮುಖದ ಕಂಚಿನ ಮೂರ್ತಿಯನ್ನು ಕಂಡು ಬ್ರಹ್ಮದೇವರೆಂದು ಕೈಮುಗಿದೆ. ಹುಡುಗ ಮೊಬೈಲ್ ತೆಗೆದವನೇ, 'ಅಜ್ಜಾ, ಇದು ಬ್ರಹ್ಮ ಅಲ್ಲ, ಬೌದ್ಧರ ದೇವರು. ಈ ಗುಡಿನ ಅವರ ಕಡಿಂದ ಕಸಗೊಂಡಾರಂತ' ಅಂದ. ಪಕ್ಕದಲ್ಲಿದ್ದ ಭಕ್ತರೊಬ್ಬರು ಸಿಟ್ಟಾಗಿ, ಇದು ಮೊದಲಿನಿಂದಲೂ ಶಿವಸ್ಥಾನ ಅಂದರು. ನನಗೆ ದರ್ಶನದ ಸಮಾಧಾನವೇ ಹೋಯಿತು. ನೀವೂ ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಈ ಬೌದ್ಧರ ಮಾತು ತೆಗೆಯುತ್ತೀರಿ. ಭಕ್ತರು ನೆಮ್ಮದಿಯಿಂದ ಇರುವಾಗ ಹಳೆಯದನ್ನು ಯಾಕೆ ಕೆದಕಬೇಕು? ಹುಡುಗನಿಗೆ ನಾನು ಏನು ಹೇಳಲಿ?"

ಗುರುಗಳೇ, ಶರಣು. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ದೇವರ ಮುಂದೆ ಕಣ್ಣು ಮುಚ್ಚಿ ನಿಂತವರ ಕಿವಿಯಲ್ಲಿ ಇತಿಹಾಸ ಊದುವುದು ಮರ್ಯಾದೆಯಲ್ಲ. ಅಷ್ಟನ್ನು ಹುಡುಗನಿಗೆ ತಿಳಿಹೇಳಿ. ಆದರೆ ಮೂರ್ತಿಯ ವಿಷಯದಲ್ಲಿ ಅವನ ಮಾತು ಸರಿ. ಮೂರು ಮುಖ ನೋಡಿ ಬ್ರಹ್ಮನೆಂದು ಕೈಮುಗಿಯುವವರು ನೀವೊಬ್ಬರೇ ಅಲ್ಲ, ಬೇಕಾದಷ್ಟು ಜನ ಇದ್ದಾರೆ. ಅವನು ಲೋಕೇಶ್ವರ. ಬೌದ್ಧರು ಅವಲೋಕಿತೇಶ್ವರ ಎಂದು ಕರೆಯುವ, ಲೋಕದ ದುಃಖ ತೀರುವ ತನಕ ತನ್ನ ಮುಕ್ತಿಯನ್ನು ತಡೆದು ನಿಲ್ಲಿಸಿಕೊಂಡ ಕರುಣಾಮಯಿ.

ಇದು ನನ್ನ ಊಹೆಯಲ್ಲ, ಮೊಬೈಲಿನ ಮಾತೂ ಅಲ್ಲ. ಮೂರ್ತಿಯ ಪೀಠದ ಮೇಲೆ ಸಂಸ್ಕೃತದಲ್ಲಿ ಬರೆದಿದೆ. ಕಲಿವರ್ಷ 4068, ಅಂದರೆ ಕ್ರಿಸ್ತಶಕ 968. ಬರೆಸಿದವನು ತುಳುನಾಡನ್ನು ಆಳಿದ ಆಳುಪರ ಅರಸ ಕುಂದವರ್ಮ. ಕದಿರಿಕಾ ಎಂಬ ಹೆಸರಿನ ಬಹು ಸುಂದರವಾದ ವಿಹಾರದಲ್ಲಿ, ಅಂದರೆ ಬೌದ್ಧ ಭಿಕ್ಷುಗಳ ಮಠದಲ್ಲಿ, ಲೋಕೇಶ್ವರ ದೇವನ ಪ್ರತಿಷ್ಠೆ ಮಾಡಿದೆ ಅನ್ನುತ್ತಾನೆ. ಶ್ಲೋಕದ ಮಾತು 'ವಿಹಾರೇ ಸುಮನೋಹರೇ'. ಕದಿರಿಕೆಯೇ ಇವತ್ತಿನ ಕದ್ರಿ. ಈಗ ಅದೇ ಶಾಸನದಲ್ಲಿ ಅರಸ ತನ್ನನ್ನು ಏನೆಂದು ಕರೆದುಕೊಂಡಿದ್ದಾನೆ ಕೇಳಿ: 'ಬಾಲಚಂದ್ರಶಿಖಾಮಣಿ'ಯ ಪಾದಕಮಲದ ದುಂಬಿ. ಎಳೆಚಂದ್ರನನ್ನು ಮುಡಿದವನು ಯಾರು ಗುರುಗಳೇ? ಶಿವ. ಶಿವನ ಪಾದದ ದುಂಬಿಯಾದ ಅರಸ ಬೌದ್ಧರ ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿ, ಎರಡನ್ನೂ ಒಂದೇ ಪೀಠದ ಮೇಲೆ ಬರೆಸಿದ.

ನಿಮ್ಮ ಪಕ್ಕದ ಭಕ್ತರು ಬೌದ್ಧರ ಮಾತು ಕೇಳಿ ಸಿಟ್ಟಾದರು. 'ವಿಹಾರ' ಎಂಬ ಪದವನ್ನು ಬರೆಸಿದವನೇ ಶಿವಭಕ್ತ. ನಿಮ್ಮ ಮೊಮ್ಮಗ 'ಕಸಗೊಂಡರು' ಅಂದ. ಶಾಸನದಲ್ಲಿ ಇರುವುದು ಕೊಟ್ಟದ್ದರ ಮಾತು, ಕಸಿದದ್ದರದಲ್ಲ. ಇಬ್ಬರೂ ಪೀಠದ ಹತ್ತಿರವೇ ನಿಂತಿದ್ದರು, ಇಬ್ಬರಿಗೂ ಅದನ್ನು ಓದಿ ಹೇಳುವವರು ಇರಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ನಾನು ಕದ್ರಿಗೆ ಮೊದಲ ಸಲ ಹೋದದ್ದು ಜಡಿಮಳೆಯಲ್ಲಿ. ಗೋಮುಖದ ನೀರು ಬೀಳುವ ಸದ್ದಿಗೂ ಮಳೆಯ ಸದ್ದಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಬೆಳೆದವನಿಗೆ ಆ ಹಸಿರು, ಆ ಪಾಚಿ, ಆ ಒದ್ದೆ ಕಲ್ಲಿನ ವಾಸನೆ ಬೇರೆ ದೇಶದ್ದು ಅನ್ನಿಸಿತು. ಒಳಗೆ ದೀಪದ ಬೆಳಕಿನಲ್ಲಿ ಲೋಕೇಶ್ವರ ಕುಳಿತಿದ್ದ. ಕುಳಿತರೂ ಸುಮಾರು ಐದಡಿ ಎತ್ತರ. ಆರು ಕೈ. ಮೂರು ಮುಖಗಳಲ್ಲಿ ನಡುವಿನದು ನಿಮ್ಮನ್ನೇ ನೋಡುವಂತಿದ್ದೂ ನೋಡುವುದಿಲ್ಲ. ರೆಪ್ಪೆ ಅರ್ಧ ಇಳಿದಿದೆ. ಎಣ್ಣೆದೀಪ ಅಲುಗಿದಾಗಲೆಲ್ಲ ಕಂಚಿನ ಕೆನ್ನೆಯ ಮೇಲೆ ಬೆಳಕು ಸರಿದು, ಮೂರ್ತಿ ಉಸಿರಾಡಿದ ಹಾಗಾಗುತ್ತಿತ್ತು. ಶ್ಲೋಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೆಲ್ಲಗೆ ಓದಿದೆ. ಪಕ್ಕದಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ತಾಯಿಯೊಬ್ಬರು ಅದು ಯಾವ ಮಂತ್ರ ಅಂತ ಕೇಳಿದರು. ಸಾವಿರ ವರ್ಷದ ಹಿಂದೆ ಈ ದೇವರನ್ನು ಇಲ್ಲಿ ಇಟ್ಟ ರಾಜನ ಮಾತು, ಆಗ ಇದು ಬೌದ್ಧರ ವಿಹಾರ ಅಂದೆ. "ಹೌದಾ? ಇನ್ನೊಮ್ಮೆ ಓದಿ ಮಾರಾಯ್ರೆ, ಮಗು ಕೇಳಲಿ" ಅಂದರು. ಓದಿದೆ. ಅವರು ಲೋಕೇಶ್ವರನಿಗೆ ಒಮ್ಮೆ, ಮಂಜುನಾಥನಿಗೆ ಒಮ್ಮೆ ಕೈಮುಗಿದು ಹೋದರು. ಭಕ್ತಿ ಅಷ್ಟು ಸುಲಭಕ್ಕೆ ಮುರಿಯುವ ವಸ್ತುವಲ್ಲ ಎಂದು ನನಗೆ ಆ ತಾಯಿ ಕಲಿಸಿದರು.

ಕದ್ರಿಯ ಕತೆ ಬೌದ್ಧರು, ಶೈವರು ಇಷ್ಟಕ್ಕೇ ಮುಗಿಯುವುದಿಲ್ಲ. ನಡುವೆ ಶಿವನನ್ನು ಆದಿಗುರು ಅನ್ನುವ ನಾಥಪಂಥದ ಜೋಗಿಗಳು ಇದ್ದಾರೆ. ಅದೇ ಗುಡ್ಡದ ಮೇಲೆ ಜೋಗಿಮಠ, ಆ ಪಂಥದ ಗುರು ಮತ್ಸ್ಯೇಂದ್ರನಾಥ, ಅವನ ಶಿಷ್ಯ ಗೋರಖನಾಥ. ಇವತ್ತಿಗೂ ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಿಂದ ಜೋಗಿಗಳು ತಿಂಗಳುಗಟ್ಟಲೆ ನಡೆದು ಬಂದು ಕದ್ರಿಯ ಮಠಕ್ಕೆ ಹೊಸ ಅರಸನನ್ನು, ಅಂದರೆ ಮಠಾಧಿಪತಿಯನ್ನು, ಕೂರಿಸುತ್ತಾರೆ. ಮಂಜುನಾಥ ಎಂಬ ಹೆಸರಿನ ಬೇರನ್ನು ಬೌದ್ಧರ ಜ್ಞಾನದ ದೇವರು ಮಂಜುಶ್ರೀಯಲ್ಲಿ ಹುಡುಕಿದ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಅದನ್ನು ಅವರಿಗೇ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ಸ್ಯೇಂದ್ರ ಮತ್ತು ಲೋಕೇಶ್ವರರ ನೆರೆಹೊರೆ.

ಯಾಕೆಂದರೆ ನೇಪಾಳದಲ್ಲಿ ಈ ಇಬ್ಬರೂ ಒಬ್ಬನೇ. ಕಠ್ಮಂಡುವಿನ ಪೇಟೆಯ ನಡುವೆ, ತಾಮ್ರದ ಕೊಡ, ಕಾಳುಕಡಿ ಮಾರುವ ಗಲ್ಲಿಗಳ ಒಳಗೆ ಜನಬಹಾಲ್ ಎಂಬ ಅಂಗಳವಿದೆ. ಅಲ್ಲಿರುವ ಬಿಳಿಯ ದೇವರು ಹಿಂದೂಗಳಿಗೆ ಸೇತೋ ಮಚ್ಛೀಂದ್ರನಾಥ, ಬೌದ್ಧರಿಗೆ ಅವಲೋಕಿತೇಶ್ವರ. ಮಚ್ಛೀಂದ್ರ ಅಂದರೆ ನಮ್ಮ ಮತ್ಸ್ಯೇಂದ್ರನೇ. ಪಕ್ಕದ ಪಾಟನ್ ನಗರದಲ್ಲಿ ಕೆಂಪು ಮಚ್ಛೀಂದ್ರನಾಥ, ಬೌದ್ಧರು ಕರೆಯುವುದು ಕರುಣಾಮಯ ಎಂದು. ಪೂಜೆ ಬೌದ್ಧ ಪೂಜಾರಿಗಳದು. ಅರವತ್ತಡಿಯ ಆಸುಪಾಸು ಎತ್ತರದ ತೇರು, ಗಾಲಿಗಳ ಮೇಲೆ ಭೈರವನ ಕಣ್ಣು ಬರೆದಿರುತ್ತಾರೆ, ಹಗ್ಗಕ್ಕೆ ಇಬ್ಬರೂ ಕೈ ಹಾಕುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಆ ತೇರು ಬುಂಗಮತಿ ಎಂಬ ಊರಿನಿಂದಲೇ ಹೊರಡುತ್ತದೆ. ಅವನು ಮಳೆಯ ದೇವರು. ಗೋರಖನಾಥ ನಾಗಗಳನ್ನೆಲ್ಲ ಆಸನದಡಿ ಹಾಕಿ ತಪಸ್ಸಿಗೆ ಕುಳಿತುಬಿಟ್ಟನಂತೆ. ಹನ್ನೆರಡು ವರ್ಷ ಬರ. ಅವನು ಎದ್ದೇಳಬೇಕಾದರೆ ಅವನ ಗುರು ಮಚ್ಛೀಂದ್ರನೇ ಬರಬೇಕು. ಅರಸ ನರೇಂದ್ರದೇವ, ಬಂಧುದತ್ತನೆಂಬ ಬೌದ್ಧ ಆಚಾರ್ಯ ಮತ್ತು ಒಬ್ಬ ರೈತ, ಮೂವರೂ ಅಸ್ಸಾಮಿನ ಕಾಮರೂಪದ ತನಕ ಹೋಗಿ ಅವನನ್ನು ಕರೆತಂದರು. ಗುರು ಬಂದ, ಶಿಷ್ಯ ಎದ್ದು ನಿಂತ, ನಾಗಗಳು ಬಿಡಿಸಿಕೊಂಡವು, ಮಳೆ ಸುರಿಯಿತು. ಮಳೆಗಾಗಿ ಹಂಚಿನ ಮೇಲೆ ಗುರ್ಜಿ ಹೊತ್ತು ಮನೆಮನೆ ತಿರುಗುವ ನಮ್ಮ ಕಡೆಯವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕೆ? ಬರ ಬಂದಾಗ ರೈತ ದೇವರ ಜಾತಿ ಕೇಳುವುದಿಲ್ಲ.

ಹಾಗಂತ ಇದೆಲ್ಲ ದೂರದ ಮಾತೆಂದು ತಿಳಿಯಬೇಡಿ. ನಮ್ಮ ಕನ್ನಡನಾಡಿನಲ್ಲೇ ಸಾಕಷ್ಟಿದೆ. ಅಲ್ಲಮನ ಊರೆಂದು ಹೇಳುವ ಬಳ್ಳಿಗಾವಿಯಲ್ಲಿ 1065ರ ಶಾಸನ ಒಂದೇ ಉಸಿರಿನಲ್ಲಿ ಬೌದ್ಧರ ದೇವಿ ತಾರಾಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವರ ಪೂಜೆಗೆ ದತ್ತಿ ಬಿಡುತ್ತದೆ. ನಮ್ಮ ಪಕ್ಕದ ಗದಗ ಜಿಲ್ಲೆಯ ಡಂಬಳದಲ್ಲಿ 1095ರಲ್ಲಿ ಬುದ್ಧವಿಹಾರ ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟರು.

ಇನ್ನು ಕಲಬುರಗಿ ಜಿಲ್ಲೆಯ ಸನ್ನತಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. ಭೀಮಾ ದಂಡೆಯ ಚಂದ್ರಲಾಂಬೆಯ ಗುಡಿಗೆ ನಮ್ಮ ಭಾಗದ ಎಷ್ಟೋ ಮನೆತನಗಳು ನಡೆದುಕೊಳ್ಳುತ್ತವೆ. ಅದೇ ಆವರಣದ ಕಾಳಿಯ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿದು, ದೇವಿಯ ಪೀಠ ಹೊರಬಿದ್ದಾಗ ಅದು ಅಶೋಕನ ಶಾಸನದ ಚಪ್ಪಡಿ ಎಂದು ಗೊತ್ತಾಯಿತು. ಮೂರ್ತಿ ಕೂರಲೆಂದು ಅಕ್ಷರಗಳ ನಡುವೆಯೇ ಚೌಕನೆಯ ತೂತು ಕೊರೆದಿದ್ದರು. ಆ ಚಪ್ಪಡಿಯಲ್ಲಿ ಉಳಿದ ಶಾಸನಗಳಲ್ಲಿ ಒಂದು ಹನ್ನೆರಡನೆಯದು. ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡಿಕೊಳ್ಳುತ್ತಾನೆ, ನಾಲಗೆಗೆ ಹಿಡಿತವಿರಲಿ ಎಂದು ಅರಸ ಬರೆಸಿದ್ದು ಅದರಲ್ಲೇ. ಆ ಮಾತಿನ ಮೇಲೆ ದೇವಿ ಎಷ್ಟೋ ಕಾಲ ಕುಳಿತಿದ್ದಳು. ಕಲ್ಲನ್ನು ಕೊರೆದವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಆ ಅಕ್ಷರ ಬರುತ್ತಿರಲಿಲ್ಲ. ನಮಗೆ ಇವತ್ತು ಓದಿಕೊಡುವವರಿದ್ದಾರೆ, ಅಚ್ಚಾದ ಶಾಸನ ಸಂಪುಟಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲೆಗೊಂದರಂತೆ ತಂದಿದೆ. ಆದರೂ ಕಣ್ಣು ಮುಚ್ಚಿ ಕೂರುತ್ತೇವಲ್ಲ, ಅದಕ್ಕೆ ಸಿಟ್ಟು.

ಕೊಪ್ಪಳಕ್ಕೇ ಬರೋಣ. ಗವಿಸಿದ್ಧೇಶ್ವರನ ಜಾತ್ರೆಗೆ ನೀವು ತಪ್ಪದೆ ಬರುತ್ತೀರೆಂದು ಪತ್ರದಲ್ಲಿ ಬರೆದಿದ್ದೀರಿ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬರುವ ರೊಟ್ಟಿ, ಮಹಾದಾಸೋಹದ ಸಾಲು, ತೇರು ಎಳೆಯುವಾಗ ಹಾರುವ ಉತ್ತತ್ತಿ, ಎಲ್ಲ ನೋಡಿದ್ದೀರಿ. ಆ ಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ನೋಡಿದ್ದೀರಾ? ಊರ ಆಚೆ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತ್ತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಜಗತ್ತಿಗೆ ಗೊತ್ತಾದದ್ದು ಆ ಕಲ್ಲಿನಿಂದ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳದಲ್ಲೂ ಅವನ ಹೆಸರು ಸಿಕ್ಕಿತು.

ಗವಿಮಠದ ಬಂಡೆಯ ಮೇಲೆ ಅವನು ಹೇಳಿದ್ದನ್ನು ನೀವು ಮೇಷ್ಟರಾಗಿ ಮೆಚ್ಚುತ್ತೀರಿ. ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಒಂದು ವರ್ಷ ಮನಸ್ಸಿಟ್ಟು ಸಾಧನೆ ಮಾಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಬಂದ ಮೇಲೆ ಗಟ್ಟಿಯಾಗಿ ತೊಡಗಿದೆ ಅನ್ನುತ್ತಾನೆ. ಆ ಸಾಧನೆಯ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ದುಡಿದರೆ ಪಡೆಯಬಹುದು ಅನ್ನುತ್ತಾನೆ. ಚಕ್ರವರ್ತಿಯೊಬ್ಬ ತಾನು ಒಂದು ವರ್ಷ ಮೈಗಳ್ಳತನ ಮಾಡಿದೆ ಎಂದು ನಮ್ಮೂರ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಪಾಲ್ಕಿಗುಂಡಿನಲ್ಲಿ ಅವನ ಶಾಸನದ ಹತ್ತಿರವೇ ಜೈನಮುನಿ ಜಟಾಸಿಂಗನಂದಿ ಆಚಾರ್ಯರ ಪಾದಗಳಿವೆ, ಚಾವಯ್ಯ ಮಾಡಿಸಿದ್ದೆಂದು ಕನ್ನಡದಲ್ಲಿ ಬರೆದಿದೆ. ಕೆಳಗೆ ಶರಣರ ಮಠ. 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಮಹಾಕೊಪಣನಗರ ಎಂದು ಕರೆದದ್ದು ಈ ಊರನ್ನೇ. ಇಲ್ಲಿ ಯಾರು ಯಾರದನ್ನು ಕಸಿದುಕೊಂಡರು ಗುರುಗಳೇ? ಒಬ್ಬರ ಬಂಡೆಯ ಪಕ್ಕ ಇನ್ನೊಬ್ಬರು ಕೆತ್ತಿಸಿದರು, ಮೊದಲಿನದನ್ನು ಅಳಿಸಲಿಲ್ಲ.

ಅಳಿಸುವುದನ್ನು ಕಲಿತವರು ನಾವು. ಹೋದ ವರ್ಷ ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜೀರ್ಣೋದ್ಧಾರ ನೋಡಲು ಕರೆದಿದ್ದರು. ನೆಲಕ್ಕೆ ಹೊಳೆಯುವ ಟೈಲ್ಸ್, ಕಂಬಗಳಿಗೆ ತಿಳಿಹಸಿರು ಆಯಿಲ್ ಪೇಂಟ್. ಬಾಗಿಲ ಬಲಕ್ಕಿದ್ದ ಶಾಸನದ ಕಲ್ಲಿಗೂ ಅದೇ ಪೇಂಟ್, ಎರಡು ಕೋಟು. ಬೆರಳಾಡಿಸಿದೆ. ಅಕ್ಷರದ ಗುಳಿಗಳಲ್ಲಿ ಬಣ್ಣ ಗಟ್ಟಿಯಾಗಿ ತುಂಬಿತ್ತು. ಒಂದು 'ಶ್ರೀ' ಮಾತ್ರ ಕೈಗೆ ಹತ್ತಿತು. ಕಮಿಟಿಯವರು ಬಹಳ ಪ್ರೀತಿಯಿಂದ ಮಾಡಿಸಿದ್ದರು, ನನಗೆ ಶಾಲು ಹೊದಿಸಿದರು. ಆ ಶಾಲು ಹೊದ್ದು ನಿಂತಾಗ ನನಗಾದ ಸಂಕಟ ಹೇಳತೀರದು. ಅಶೋಕನ ಶಾಸನದ ಕನ್ನಡ ಅನುವಾದವನ್ನು ಹತ್ತನೇ ಕ್ಲಾಸಿನ ಹುಡುಗರಿಗೆ ತಿಳಿಯುವ ಹಾಗೆ ಬೋರ್ಡ್ ಮಾಡಿ ಹಾಕಿರೆಂದು ಸಂಬಂಧಪಟ್ಟ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲು ಒಮ್ಮೆ ಬಂತು, ಮತ್ತೇನಿಲ್ಲ. ಸಾಲೆಯ ಪ್ರವಾಸದ ಬಸ್ಸುಗಳು ಮಸ್ಕಿಯನ್ನು ದಾಟಿ ನೀರಿನ ಪಾರ್ಕಿಗೆ ಹೋಗುತ್ತವೆ. ಮನೆಯ ಅಂಗಳದ ಇತಿಹಾಸವನ್ನು ಸಾಲೆಯಲ್ಲಿ ಹೇಳದಿದ್ದರೆ ಮಕ್ಕಳು ಅದನ್ನು ಮೊಬೈಲಿನಲ್ಲೇ ಕೇಳುತ್ತಾರೆ, ಅಲ್ಲಿ ಅದು ಜಗಳದ ರೂಪದಲ್ಲೇ ಸಿಗುತ್ತದೆ. ನಿಮ್ಮ ಮೊಮ್ಮಗನಿಗೆ ಆದದ್ದು ಅದೇ. ಅವನ ತಪ್ಪು ಕಡಿಮೆ. ಮೂವತ್ತು ವರ್ಷ ಪಾಠ ಮಾಡಿದ ನೀವು, ಇಪ್ಪತ್ತೆರಡು ವರ್ಷ ಪತ್ರಿಕೆ ನಡೆಸಿದ ನಾನು, ನಮ್ಮಿಬ್ಬರ ಪಾಲು ಹೆಚ್ಚು. ಹಳೆಯದನ್ನು ಯಾಕೆ ಕೆದಕುತ್ತೀರಿ ಅಂದಿರಿ. ನೀವೇ ಹೀಗೆ ಕೇಳಿದ್ದು ನನಗೆ ಬೇಸರವಾಯಿತು, ಹೇಳದೆ ಇರಲಾರೆ. ಚಿತ್ತಿಲ್ಲದ ಅಕ್ಷರ ಬರೆಯುವವರು ಕಲ್ಲಿನ ಅಕ್ಷರದ ಪರ ನಿಲ್ಲಬೇಕಿತ್ತು.

ಹುಡುಗನಿಗೆ ಏನು ಹೇಳಲಿ ಎಂದು ಕೇಳಿದಿರಿ. ಕುಂದವರ್ಮನ ಶ್ಲೋಕವನ್ನೂ ಅದರ ಅರ್ಥವನ್ನೂ ಬೇರೆ ಹಾಳೆಯಲ್ಲಿ ಬರೆದು ಈ ಸಂಚಿಕೆಯ ಜೊತೆ ಅಂಚೆಗೆ ಹಾಕಿದ್ದೇನೆ, ಅವನ ಕೈಗೆ ಕೊಡಿ. ಅಶೋಕನ ಶಾಸನದ ಲಿಪಿಯಾದ ಬ್ರಾಹ್ಮಿಯ ಅಕ್ಷರಮಾಲೆಯ ಒಂದು ಪಟವೂ ಇದೆ. ಈ ಸಲ ಜಾತ್ರೆಗೆ ಅವನನ್ನೂ ಕರಕೊಂಡು ಬನ್ನಿ. ತೇರಿನ ಮರುದಿನ ಬೆಳಿಗ್ಗೆ ಆರೂವರೆಗೆ ಮಠದ ಮೆಟ್ಟಿಲ ಹತ್ತಿರ ನಾನಿರುತ್ತೇನೆ. ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರಗಳ ಗೀರು ಚೆನ್ನಾಗಿ ಕಾಣುತ್ತದೆ. ಮೊದಲ ಪದ 'ದೇವಾನಂಪಿಯೆ'. 'ದ' ಗುರುತು ಹಿಡಿಯುವುದನ್ನು ಅವನು ಮನೆಯಲ್ಲೇ ರೂಢಿ ಮಾಡಿಕೊಂಡು ಬರಲಿ, ಉಳಿದದ್ದನ್ನು ಬಂಡೆಯ ಮುಂದೆ ಮೂವರೂ ಕೂಡಿ ಓದೋಣ.