ಕಪ್ಪುಕುಳಿಯ ಉಂಗುರದ ಮೇಲೆ ಆ ಸುರುಳಿ ಗೆರೆಗಳು ಯಾಕೆ?

ಪ್ರಶ್ನೆ: ಕಪ್ಪುಕುಳಿಯ ಕಿತ್ತಳೆ ಉಂಗುರದ ಮೇಲೆ ಬ್ರಷ್‌ನಿಂದ ಎಳೆದ ಹಾಗೆ ಸುರುಳಿ ಗೆರೆಗಳಿರುವ ಚಿತ್ರ ನೋಡಿದೆ. ಕೆಳಗೆ 'ಬೆಳಕಿನ ಧ್ರುವೀಕರಣ' ಎಂದಿತ್ತು. ಗೆರೆಗಳು ನಿಜವೋ, ಕಂಪ್ಯೂಟರ್ ಬಿಡಿಸಿದ್ದೋ?

ಉತ್ತರ: ಗೆರೆ ಎಳೆದದ್ದು ಕಂಪ್ಯೂಟರ್. ಆದರೆ ಅವು ಯಾವ ಕಡೆಗೆ ವಾಲಿವೆ ಎನ್ನುವುದು ಅಳತೆಯಿಂದಲೇ ಬಂದದ್ದು. ನೀವು ನೋಡಿದ್ದು ಎಂ87 ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಇರಬೇಕು. ಅದು ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಜಗತ್ತಿನ ಹಲವೆಡೆಯ ರೇಡಿಯೋ ಟೆಲಿಸ್ಕೋಪ್‌ಗಳನ್ನು ಒಟ್ಟಿಗೆ ಬಳಸುವ ಇವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ 2017ರ ಏಪ್ರಿಲ್‌ನಲ್ಲಿ ಅದನ್ನು ನೋಡಿತು. ಉಂಗುರದ ಚಿತ್ರ 2019ರಲ್ಲಿ ಬಂತು, ಗೆರೆಗಳ ಚಿತ್ರ 2021ರ ಮಾರ್ಚ್‌ನಲ್ಲಿ. ಗೆರೆಗಳು ಕೂದಲೆಳೆಯಷ್ಟು ಸಣ್ಣಗಿವೆ, ಅಲ್ವಾ? ಅಷ್ಟು ನವುರಾದ ವಿವರ ಟೆಲಿಸ್ಕೋಪಿಗೆ ಕಂಡಿಲ್ಲ. ಉಂಗುರದ ವ್ಯಾಸದ ಸುಮಾರು ಅರ್ಧದಷ್ಟು ದೊಡ್ಡ ವಿವರವನ್ನಷ್ಟೇ ಅದು ಗುರುತಿಸಬಲ್ಲದು. ಇದನ್ನು ಚಿತ್ರದ ಕೆಳಗೇ ಬರೆದರೆ ಒಳ್ಳೆಯದು ಅಂತ ನನಗೆ ಪ್ರತಿಸಲವೂ ಅನಿಸುತ್ತದೆ.

ಧ್ರುವೀಕರಣ ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಅಲುಗಾಡುವುದು. ಚಿತ್ರದ ಗೆರೆಗಳು ತೋರಿಸುವುದು ಆ ದಿಕ್ಕನ್ನೇ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲನ್ನು ನಿಧಾನವಾಗಿ ತಿರುಗಿಸಿ. ಹಲವು ಮೊಬೈಲ್‌ಗಳ ಪರದೆ ಒಂದು ಕೋನದಲ್ಲಿ ಕಪ್ಪಾಗುತ್ತದೆ. ಪರದೆಯ ಬೆಳಕು ಒಂದೇ ದಿಕ್ಕಿನದು, ಕನ್ನಡಕ ಅದನ್ನು ತಡೆಯಿತು.

ಕಪ್ಪುಕುಳಿಯ ಸುತ್ತ ಬಿಸಿ ಅನಿಲದ ತಟ್ಟೆ ಸುತ್ತುತ್ತಿರುತ್ತದೆ. ಅದರೊಳಗಿನ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರಕ್ಕೆ ಸುತ್ತಿಕೊಂಡು ಓಡುವಾಗ ರೇಡಿಯೋ ಅಲೆ ಹೊಮ್ಮುತ್ತದೆ. ಆ ಅಲೆಯ ಅಲುಗಾಟ ಕಾಂತಕ್ಷೇತ್ರಕ್ಕೆ ಅಡ್ಡಲಾಗಿರುತ್ತದೆ. ಹಾಗಾದರೆ ಗೆರೆಗಳನ್ನು 90 ಡಿಗ್ರಿ ತಿರುಗಿಸಿದರೆ ಕಾಂತಕ್ಷೇತ್ರ ಸಿಕ್ಕಿತಲ್ಲ? ಅಷ್ಟು ಸುಲಭವಲ್ಲ. ಕಪ್ಪುಕುಳಿಯ ಸೆಳೆತಕ್ಕೆ ಬೆಳಕಿನ ದಾರಿಯೇ ಬಾಗುತ್ತದೆ, ಜೊತೆಗೆ ಗೆರೆಯ ದಿಕ್ಕೂ ತಿರುಚಿಕೊಳ್ಳುತ್ತದೆ. ಮೇಲಾಗಿ ದಾರಿಯಲ್ಲಿರುವ ಅನಿಲ ಅದನ್ನು ಇನ್ನಷ್ಟು ಕಲಸುತ್ತದೆ.

ಕಂಪ್ಯೂಟರ್ ಚಿತ್ರಗಳು ಬೇಕಾಗುವುದು ಇಲ್ಲೇ. ಕಪ್ಪುಕುಳಿ ಇಷ್ಟು ಜೋರಾಗಿ ತಿರುಗಿದರೆ, ಕಾಂತಕ್ಷೇತ್ರ ಇಷ್ಟಿದ್ದರೆ ನಮಗೆ ಹೇಗೆ ಕಾಣುತ್ತದೆ ಎಂದು ಲೆಕ್ಕ ಹಾಕಿ, 70 ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು ತಯಾರಿಸಿ ನಿಜವಾದ ಅಳತೆಗೆ ಹೋಲಿಸಿದರು. ಬರೀ ಉಂಗುರಕ್ಕಾದರೆ ಹೆಚ್ಚಿನ ಮಾದರಿಗಳೆಲ್ಲ ಹೊಂದುತ್ತಿದ್ದವು. ಗೆರೆಗಳನ್ನೂ ಹೋಲಿಸಿದಾಗ ಬಹುಪಾಲು ಬಿದ್ದುಹೋದವು. ಉಳಿದವು ಹೆಚ್ಚಾಗಿ ಕಾಂತಕ್ಷೇತ್ರ ಬಲವಾಗಿರುವ ಮಾದರಿಗಳು. ಒಳಗೆ ಬೀಳುವ ಅನಿಲವನ್ನೇ ಅದು ತಡೆದು ನಿಲ್ಲಿಸುವಷ್ಟು ಬಲ! ಆ ಬಲ 1ರಿಂದ 30 ಗಾಸ್ (ಕಾಂತಕ್ಷೇತ್ರದ ಅಳತೆಮಾನ) ಎಂದು ಲೆಕ್ಕ ಬಂತು. ಭೂಮಿಯ ಮೇಲೆ ಸುಮಾರು ಅರ್ಧ ಗಾಸ್ ಅಷ್ಟೇ. ಎಂ87ರಿಂದ ಸಾವಿರಾರು ಜ್ಯೋತಿರ್ವರ್ಷ ಉದ್ದಕ್ಕೆ ಚಿಮ್ಮುವ ಧಾರೆಗೆ ಕಾರಣ ಹುಡುಕುವವರಿಗೆ ಇದು ದೊಡ್ಡ ಸುಳಿವು.

2024ರ ಮಾರ್ಚ್‌ನಲ್ಲಿ ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ಗೆರೆಗಳ ಚಿತ್ರವೂ ಬಂತು. ಎಂ87ರದ್ದಕ್ಕಿಂತ ಅದು ಸಾವಿರ ಪಟ್ಟಿಗೂ ಹೆಚ್ಚು ಹಗುರ. ಆದರೂ ಗೆರೆಗಳು ಅದೇ ಥರ ಸುರುಳಿಯಾಗಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.